ಚೌತಿಯಿಂದ ಪಾಡ್ಯಮಿವರೆಗೆ: ಹಬ್ಬದ ಎಂಟು ವಾರ ಸುಸ್ತಾಗದೆ ದಾಟುವುದು ಹೇಗೆ?

ಮೂರು ವರ್ಷದ ಹಿಂದಿನ ಮಾತು. ದೀಪಾವಳಿ ಅಮಾವಾಸ್ಯೆ, ರಾತ್ರಿ ಎಂಟೂವರೆ. ಮರುದಿನಕ್ಕೆ ಮಾಡಿಟ್ಟ ಹೂರಣ ತೆಳ್ಳಗಾಗಿತ್ತು. ಅದನ್ನು ಮತ್ತೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತಾ ನಿಂತಿದ್ದೆ. ಹಿಂದಿನಿಂದ ಅತ್ತೆ ಕೇಳಿದರು, "ಹಿರಿಯರ ಬಟ್ಟೆ ಎಲ್ಲಿಟ್ಟೀಯವ್ವಾ?"

ತಂದೇ ಇರಲಿಲ್ಲ.

ನಮ್ಮನೆಯಲ್ಲಿ ಬಲಿಪಾಡ್ಯಮಿ ದಿನ ಹಿರಿಯರ ಪೂಜೆ. ಎಡೆಯ ಜೊತೆ ಹೊಸ ಪಂಚೆ, ಹೊಸ ಸೀರೆ ಇಡಲೇಬೇಕು. ಮಕ್ಕಳ ಬಟ್ಟೆ ತಂದಿದ್ದೆ, ನಾದಿನಿಗೆ ಸೀರೆ ತಂದಿದ್ದೆ, ಕೆಲಸದವಳಿಗೂ ತಂದಿದ್ದೆ. ಇದೊಂದೇ ಮರೆತಿತ್ತು. ನಮ್ಮನೆಯವರು ಸ್ಕೂಟರ್ ತೆಗೆದು ಚೌಕಿಪೇಟೆಗೆ ಓಡಿದರು. ಅಂಗಡಿಯಲ್ಲಿ ಲಕ್ಷ್ಮಿ ಪೂಜೆ ನಡೆದಿತ್ತಂತೆ. ಮಂಗಳಾರತಿ ಆಗುವವರೆಗೂ ನಿಂತು, ಪ್ರಸಾದ ಇಸ್ಕೊಂಡು, ಅವರು ಕೈಗೆ ಕೊಟ್ಟ ಪಂಚೆ ಸೀರೆ ತಂದರು. ನಾನು ಅಷ್ಟು ಹೊತ್ತಿಗೆ ಗ್ಯಾಸ್ ಆರಿಸಿ, ಅಡುಗೆಮನೆ ನೆಲದ ಮೇಲೆ ಕೂತು ಅತ್ತುಬಿಟ್ಟಿದ್ದೆ. ಯಾರೂ ಬೈದಿರಲಿಲ್ಲ, ಸುಮ್ನೆ ಅಳು ಬಂತು.

ಆಮೇಲೆ ಯೋಚನೆ ಮಾಡಿದೆ. ಮನೆಯಲ್ಲಿ ಎಲ್ಲರೂ ಕೆಲಸ ಮಾಡುತ್ತಿದ್ದರು. ಆದರೆ ಏನಾಗಿದೆ, ಏನು ಉಳಿದಿದೆ ಅನ್ನುವ ಲೆಕ್ಕ ಮಾತ್ರ ನನ್ನೊಬ್ಬಳ ತಲೆಯಲ್ಲಿತ್ತು. ದಾವಣಗೆರೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು ನಾನು. ಅಲ್ಲಿ ಒಂದು ರೂಪಾಯಿಯನ್ನೂ ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಪುಸ್ತಕಕ್ಕೆ ಇಳಿಸುತ್ತೇವೆ. ಮನೆಗೆ ಬಂದರೆ ಇಡೀ ಹಬ್ಬವನ್ನೇ ತಲೆ ಮೇಲೆ ಹೊತ್ತು ತಿರುಗುವುದು! ಆ ಲೆಕ್ಕವನ್ನು ತಲೆಯಿಂದ ಹೊರಗೆ ಹಾಕಲು ನಾನು ಮಾಡಿಕೊಂಡ ದಾರಿ ಇಲ್ಲಿದೆ. ನಿಮ್ಮ ಮನೆಗೆ ಹೊಂದುವಷ್ಟು ತಗೊಳ್ಳಿ.

1. ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸಿ

ಗಣೇಶ ಚೌತಿಯಿಂದ ಬಲಿಪಾಡ್ಯಮಿಗೆ ಎಣಿಸಿ ನೋಡಿ. ಹೆಚ್ಚುಕಡಿಮೆ ಎಂಟು ವಾರ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ, ಪಾಡ್ಯಮಿ ಅಕ್ಟೋಬರ್ 22ಕ್ಕೆ ಬಂದಿತ್ತು. ಸರಿಯಾಗಿ 56 ದಿನ. ಅಧಿಕ ಮಾಸ ಬಂದ ವರ್ಷ ಇಡೀ ಸಾಲು ಎರಡೂವರೆ, ಮೂರು ವಾರ ಮುಂದಕ್ಕೆ ಹೋಗುತ್ತದೆ. ನಡುವಿನ ಅಂತರ ಮಾತ್ರ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಮಹಾಲಯ ಅಮಾವಾಸ್ಯೆ ಮುಗಿದ ಮರುದಿನವೇ ನವರಾತ್ರಿ ಶುರು. ವಿಜಯದಶಮಿ ಕಳೆದು ಎರಡೂವರೆ ವಾರಕ್ಕೆ ನರಕ ಚತುರ್ದಶಿ. ಇದು ಹೆಚ್ಚುಕಡಿಮೆ ಪ್ರತಿ ವರ್ಷ ಹೀಗೇ ಬರುತ್ತದೆ. ಆದರೂ ಪ್ರತಿ ವರ್ಷ "ಅಯ್ಯೋ, ಹಬ್ಬ ಬಂದೇ ಬಿಡ್ತಲ್ಲ" ಅಂತೀವಿ, ಅಲ್ವಾ?

ಹಾಲಿನ ಲೆಕ್ಕ ಬರೆಯುವ ಆ ಕ್ಯಾಲೆಂಡರನ್ನೇ ತಗೊಳ್ಳಿ. ಹಬ್ಬದ ದಿನಗಳಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಆಮೇಲೆ ಹಬ್ಬಕ್ಕೆ ಸಂಬಂಧ ಇಲ್ಲದ್ದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಮಕ್ಕಳ ಪರೀಕ್ಷೆ, ದಸರಾ ರಜೆ, ಮನೆಯವರ ಟೂರ್, ಆಫೀಸಿನ ಕೆಲಸ, ಓಣಿಯ ಮದುವೆ. ಒತ್ತಡ ಹುಟ್ಟುವುದು ಈ ಎರಡು ಬಣ್ಣ ಒಂದೇ ವಾರದಲ್ಲಿ ಸೇರಿದಾಗ. 2025ರಲ್ಲಿ ನಮಗೆ ಸೆಪ್ಟೆಂಬರ್ 30 ಅರ್ಧ ವರ್ಷದ ಕ್ಲೋಸಿಂಗ್, ಮರುದಿನವೇ ಆಯುಧ ಪೂಜೆ. ಆಗಸ್ಟ್‌ನಲ್ಲೇ ಅದು ಕಣ್ಣಿಗೆ ಬಿದ್ದಿದ್ದರಿಂದ ಆ ವಾರಕ್ಕೆ ಮನೆಕೆಲಸ ಒಂದೂ ಇಟ್ಟುಕೊಳ್ಳಲಿಲ್ಲ.

ಇನ್ನೊಂದನ್ನು ಮರೀಬೇಡಿ: ನೀರು ಬಿಡುವ ದಿನ. ನಮ್ಮ ಊರಲ್ಲಿ ಎಲ್ಲಾ ಓಣಿಗೂ ದಿನಾ ನಲ್ಲಿ ನೀರು ಬರುವುದಿಲ್ಲ. ಹಾಸಿಗೆ, ಪರದೆ ಒಗೆಯುವುದು, ದೇವರ ಸಾಮಾನು ತೊಳೆಯುವುದು, ನೆಲ ಉಜ್ಜುವುದು ಎಲ್ಲಾ ಆ ದಿನಕ್ಕೆ ಹೊಂದಿಸಿ. ಟ್ಯಾಂಕ್ ಖಾಲಿ ಇದ್ದ ದಿನ ಧೂಳು ಹೊಡೆಯುವುದು, ಬೀರು ಜೋಡಿಸುವುದು ಮಾಡಿ. ಇಡೀ ಮನೆಯನ್ನು ಒಂದೇ ಭಾನುವಾರ ಮಗುಚಿ ಹಾಕುವ ಹುಚ್ಚು ಬೇಡ. ದಿನಕ್ಕೆ ಒಂದು ಹಲಗೆ, ಅರ್ಧ ಗಂಟೆ. ಮಹಾಲಯಕ್ಕೆ ಮೊದಲು ಒಂದು ಸಲ ಪೂರ್ತಿ ಸ್ವಚ್ಛ ಆದರೆ ದೀಪಾವಳಿಗೆ ಗುಡಿಸಿ ಒರೆಸಿದರೆ ಸಾಕು. ಅಟ್ಟದ ಮೇಲಿನ ಹಂಡೆ ಈ ವರ್ಷ ಅಲ್ಲೇ ಇರಲಿ. ಯಾರೂ ಹತ್ತಿ ನೋಡುವುದಿಲ್ಲ.

2. ಯಾವ ಹಬ್ಬ ದೊಡ್ಡದು, ಯಾವುದು ಸಣ್ಣದು

ಇದು ಕಷ್ಟದ ಹೆಜ್ಜೆ. ಎಲ್ಲಾ ಹಬ್ಬವನ್ನೂ ಪೂರ್ತಿ ಮಾಡುತ್ತೇನೆ ಅಂದರೆ ಕೊನೆಗೆ ಒಂದರಲ್ಲೂ ಜೀವ ಇರುವುದಿಲ್ಲ. ಮನೆಯವರೆಲ್ಲಾ ಕೂತು ಎರಡೋ ಮೂರೋ ಹಬ್ಬ ಆರಿಸಿ. ಅವನ್ನು ಹೋಳಿಗೆ, ನೆಂಟರು, ಹೊಸ ಬಟ್ಟೆ ಅಂತ ಪೂರ್ತಿ ಮಾಡಿ. ಉಳಿದವಕ್ಕೆ ಮಾವಿನ ಸೊಪ್ಪು ಕಟ್ಟಿ, ಕಾಯಿ ಒಡೆದು, ಪಾಯಸ ಮಾಡಿದರೆ ಆಯ್ತು.

ನಮ್ಮನೆಯಲ್ಲಿ ಚೌತಿ ಮತ್ತು ಪಾಡ್ಯಮಿ ದೊಡ್ಡವು. ಆಯುಧ ಪೂಜೆ ನಡುವಿನದು. ನಿಮ್ಮಲ್ಲಿ ಮಹಾಲಯ ದೊಡ್ಡದಿರಬಹುದು, ನವರಾತ್ರಿ ಗೊಂಬೆ ದೊಡ್ಡದಿರಬಹುದು.

ಹಿರಿಯರ ಹತ್ತಿರ ಈ ಮಾತು ಯಾವಾಗ ಎತ್ತುತ್ತೀರಿ ಅನ್ನುವುದು ಮುಖ್ಯ. ಹಬ್ಬದ ಹಿಂದಿನ ದಿನ "ಈ ಸಲ ಕರ್ಚಿಕಾಯಿ ಬೇಡ ಬಿಡಿ" ಅಂದರೆ ಜಗಳ ಆಗುತ್ತದೆ. ಒಂದು ತಿಂಗಳ ಮೊದಲು, ಮಧ್ಯಾಹ್ನ ಅವರು ಅಕ್ಕಿ ಆರಿಸುತ್ತಾ ಕೂತಾಗ ಕೇಳಿ: "ಅತ್ತೇ, ಈ ಸಲ ಯಾವುದು ಬಿಟ್ಟರೆ ನಡೀತದೆ?" ನಾನು ಕೇಳಿದಾಗ ನಮ್ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೊಡುಬಳೆ ಯಾರೂ ತಿನ್ನಂಗಿಲ್ಲ. ಸುಮ್ನೆ ನಿಮ್ಮ ಮಾವ ಇದ್ದಾಗಿಂದ ಮಾಡ್ಕೋತ ಬಂದೀನಿ" ಅಂದರು. ಇಪ್ಪತ್ತು ವರ್ಷದಿಂದ ಆ ಕೊಡುಬಳೆ ಅವರಿಗೂ ಭಾರವೇ ಆಗಿತ್ತು. ಹಿರಿಯರ ಎಡೆ ಮಾತ್ರ ಬಿಡಲ್ಲ ಅಂದರು. ಅದರಲ್ಲಿ ನಾನೂ ಕೈ ಹಾಕಲಿಲ್ಲ.

3. ಸಾಮಾನು, ಗಿರಣಿ, ಪೇಟೆ

ದೊಡ್ಡ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ.

ಮೂರು ವಾರ ಮೊದಲು ಕೆಡದ ಸಾಮಾನು. ಬೇಳೆ, ಬೆಲ್ಲ, ಎಣ್ಣೆ, ರವೆ, ಶೇಂಗಾ, ಕೊಬ್ಬರಿ, ಏಲಕ್ಕಿ, ಕರ್ಪೂರ, ಬತ್ತಿ. ಎಲ್ಲವನ್ನೂ ಒಂದೇ ಸಲ ಮಂಡಿಪೇಟೆಯಿಂದ ತನ್ನಿ. ವಾರದ ನಡುವೆ ಬೆಳಗ್ಗೆ ಹತ್ತೂವರೆಗೆ ಹೋದರೆ ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ, ಚೀಟಿ ಕೊಟ್ಟರೆ ಕಟ್ಟಿ ಇಡುತ್ತಾರೆ. ಹಬ್ಬದ ಹಿಂದಿನ ಸಂಜೆ ಗಡಿಯಾರ ಕಂಬದ ಸುತ್ತ, ಕೆ.ಆರ್. ಮಾರ್ಕೆಟ್ ಕಡೆ ಗಾಡಿ ತಗೊಂಡು ಹೋಗುವುದು ಅಂದರೆ ಒಂದೂವರೆ ಗಂಟೆ ಮತ್ತು ಒಂದು ಜಗಳ. ಹೋಗಲೇಬೇಕಾದರೆ ಗಾಡಿ ದೂರ ನಿಲ್ಲಿಸಿ ನಡೆಯಿರಿ.

ಎರಡು ವಾರ ಮೊದಲು ಬಟ್ಟೆ ಮತ್ತು ಗಿರಣಿ. ರವಿಕೆ ಹೊಲಿಸುವುದಿದ್ದರೆ ಎರಡು ವಾರವೂ ಸಾಲದು, ತಿಂಗಳ ಮೊದಲೇ ಕೊಡಿ. ಹಬ್ಬದ ವಾರ ಟೈಲರ್ ಹೇಳುವ "ನಾಳೆ" ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಚಕ್ಕುಲಿಗೆ ನಾಲ್ಕು ಅಳತೆ ಅಕ್ಕಿಗೆ ಒಂದು ಅಳತೆ ಉದ್ದಿನಬೇಳೆ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ, ಬೇಳೆ ಹುರಿದು ಗಿರಣಿಗೆ ಕಳಿಸಿ. ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಹೋದರೆ ಡಬ್ಬಿಗಳ ಸಾಲು ಬಾಗಿಲ ಹೊರಗೆ ಬಂದಿರುತ್ತದೆ.

ಒಂದು ವಾರ ಮೊದಲು ಕರಿದ ತಿಂಡಿ, ಉಂಡೆ. ಚಕ್ಕುಲಿ, ಶೇಂಗಾ ಉಂಡೆ, ರವೆ ಉಂಡೆ ವಾರ ಕಳೆದರೂ ಏನೂ ಆಗುವುದಿಲ್ಲ. ಚಕ್ಕುಲಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಬೇಕು, ಅಷ್ಟೇ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಮೆತ್ತಗಾಗುತ್ತದೆ. ಕೊಂಡು ತಂದರೂ ನಡೆಯುತ್ತದೆ. ಮನೆಯಲ್ಲೇ ಮಾಡುವವರ ಹತ್ತಿರ ಹೇಳಿ ಮಾಡಿಸಿದರೆ ಇನ್ನೂ ಚೆನ್ನ. ಕೊಂಡು ತಂದೆ ಅಂತ ನೆಂಟರ ಮುಂದೆ ತಲೆ ತಗ್ಗಿಸಬೇಕಿಲ್ಲ. ನಾನು ಎರಡು ವರ್ಷದಿಂದ ಚಕ್ಕುಲಿ ಕರಿದಿಲ್ಲ.

ಹೂವು ಮಾತ್ರ ಹಿಂದಿನ ದಿನ, ಅದೂ ಬೆಳಗ್ಗೆಯೇ. ಸಂಜೆ ಆಗುತ್ತಾ ಮಾರು ಹೂವಿನ ರೇಟು ಏರುತ್ತಾ ಹೋಗುತ್ತದೆ. ಸೇವಂತಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಟ್ಟರೆ ಮರುದಿನಕ್ಕೆ ತಾಜಾ ಇರುತ್ತದೆ. ಪಾಡ್ಯಮಿಗೆ ಅಣ್ಣೆ ಹೂವು, ಉತ್ತರಾಣಿ ಕಡ್ಡಿ, ಸಗಣಿಯಲ್ಲೇ ಮಾಡಿ ಪೂಜಿಸುವ ಹಟ್ಟಿ ಲಕ್ಕವ್ವನಿಗೆ ಸಗಣಿ ಬೇಕಾಗುತ್ತದೆ. ಪೇಟೆಯಲ್ಲಿ ಹುಡುಕುವುದಕ್ಕಿಂತ ಹಳ್ಳಿಯಿಂದ ಬರುವ ಹಾಲಿನವರಿಗೆ ಎರಡು ದಿನ ಮೊದಲು ಹೇಳಿಡಿ.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಟು ವಾರದ ಒಟ್ಟು ಖರ್ಚು ಮೊದಲೇ ಗೊತ್ತುಮಾಡಿ. ಬಟ್ಟೆಗೆ ಇಷ್ಟು, ಕೊಡುವುದಕ್ಕೆ ಇಷ್ಟು, ಸಾಮಾನಿಗೆ ಇಷ್ಟು ಅಂತ ಮೂರು ಕವರಿನಲ್ಲಿ ಹಾಕಿಡಿ. ಕವರ್ ಖಾಲಿ ಆದರೆ ಆ ಬಾಬತ್ತು ಮುಗೀತು. ಕಂತಿನಲ್ಲಿ ಸೀರೆ ತಗೊಂಡರೆ ಸಂಕ್ರಾಂತಿ ಬಂದರೂ ದೀಪಾವಳಿಯ ಸಾಲ ತೀರಿರುವುದಿಲ್ಲ.

4. ಕೆಲಸ ಕೊಡಿ, ಲೆಕ್ಕವನ್ನೂ ಕೊಡಿ

ನಾನು ತಪ್ಪುತ್ತಿದ್ದದ್ದು ಇಲ್ಲೇ. "ಸ್ವಲ್ಪ ಸಹಾಯ ಮಾಡಿ" ಅಂತಿದ್ದೆ. ಅವರು ಮಾಡುತ್ತಲೂ ಇದ್ದರು. ಏನು ತರಲಿ, ಎಷ್ಟು ತರಲಿ, ಎಲ್ಲಿಡಲಿ, ಈಗ ಏನು ಮಾಡಲಿ? ಒಂದು ಕೆಲಸಕ್ಕೆ ನಾಲ್ಕು ಪ್ರಶ್ನೆ. ಕೈ ಅವರದು, ಲೆಕ್ಕ ನನ್ನದೇ.

ಈಗ ಕೆಲಸವನ್ನು ತುಂಡು ಮಾಡಿ ಕೊಡುವುದಿಲ್ಲ, ಇಡಿಯಾಗಿ ಕೊಡುತ್ತೇನೆ. ಆಯುಧ ಪೂಜೆ ಪೂರ್ತಿ ನಮ್ಮನೆಯವರದು. ಗಾಡಿ ತೊಳೆಯುವುದು, ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು, ಹೂವು, ಮಂಡಕ್ಕಿ, ಸಿಹಿ ಎಲ್ಲಾ. ರಸ್ತೆಯಲ್ಲಿ ಒಡೆದ ಕುಂಬಳಕಾಯಿ ಹೋಳು ಬದಿಗೆ ಎತ್ತಿ ಹಾಕುವುದೂ ಅದರಲ್ಲೇ ಸೇರಿದೆ. ಅದರ ಮೇಲೆ ಚಕ್ರ ಹತ್ತಿಸಿ ಬೈಕಿನವರು ಜಾರಿ ಬೀಳುವುದನ್ನು ಪ್ರತಿ ವರ್ಷ ನೋಡುತ್ತೇವೆ. ದೀಪ, ಎಣ್ಣೆ, ಬತ್ತಿ, ರಂಗೋಲಿ ಮಗಳದು. ಅತ್ತೆಗೆ ದೇವರ ಮನೆ ಮತ್ತು ಎಡೆಯ ಪಟ್ಟಿ. ಮಗ ಎಂಟನೇ ಕ್ಲಾಸು, ಅವನಿಗೆ ಕೊಟ್ಟು ತರುವ ಕೆಲಸ. ಓಣಿಯಲ್ಲಿ ಯಾರಿಗೆ ತಿಂಡಿ ಕೊಡಬೇಕು, ಯಾರ ಡಬ್ಬಿ ನಮ್ಮಲ್ಲಿದೆ ಅನ್ನುವುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಕ್ಯಾಲೆಂಡರಿನಲ್ಲಿ ಆ ಕೆಲಸದ ಮುಂದೆ ಅವರ ಹೆಸರು ಬರೆಯಿರಿ. ಆಮೇಲೆ ಕೇಳಬೇಡಿ, ನೆನಪಿಸಬೇಡಿ. ಹೇಳುವುದು ಸುಲಭ, ನನಗೆ ನಾಲಿಗೆ ತುರಿಸುತ್ತಿತ್ತು. ಮೊದಲ ವರ್ಷ ನಮ್ಮನೆಯವರು ಹೂವು ಎರಡು ಮಾರು ಕಡಿಮೆ ತಂದರು. ಸ್ಕೂಟರಿಗೆ ಹಾಕಿದ ಮೇಲೆ ಕಾರಿಗೆ ಸಾಲಲಿಲ್ಲ. ಕಾರಿಗೆ ಮುಂದೆ ಮಾತ್ರ ಹಾಕಿ ಪೂಜೆ ಮಾಡಿದರು. ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ, ಮಾತಾಡಲಿಲ್ಲ. ಮುಂದಿನ ವರ್ಷ ಅವರೇ ಬೆಳಗ್ಗೆ ಎದ್ದು ಟೇಪು ಹಿಡಿದು ಕಾರಿನ ಅಳತೆ ತಗೊಂಡರು!

ಒಬ್ಬರೇ ಇದ್ದೀರಾ, ಮನೆಯಲ್ಲಿ ಕೈ ಕಡಿಮೆಯಾ? ಹಾಗಾದರೆ ಪಕ್ಕದ ಮನೆಯವರ ಜೊತೆ ಕೂಡಿ ಮಾಡಿ. ಒಂದು ದಿನ ನಿಮ್ಮ ಒಲೆ, ಒಂದು ದಿನ ಅವರದು. ಇಬ್ಬರು ಲಟ್ಟಿಸಿ ಒಬ್ಬರು ಬೇಯಿಸಿದರೆ ಹೋಳಿಗೆ ಕೆಲಸ ಬೇಗ ಮುಗಿಯುತ್ತದೆ. ಹರಟೆ ಬೇರೆ ಸಿಗುತ್ತದೆ.

5. ಬರುವವರು, ಹೋಗುವವರು

ಬೆಂಗಳೂರಿನಿಂದ ಮಕ್ಕಳು ಬರುವುದಿದ್ದರೆ ಟಿಕೆಟ್ ಕೆಲಸ ಅವರಿಗೇ ಬಿಡಿ, ದಿನ ಮಾತ್ರ ನೆನಪಿಸಿ. 2024ರ ನವೆಂಬರ್ 1ರಿಂದ ರೈಲು ಟಿಕೆಟ್ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ಚೌತಿ ಆಸುಪಾಸಿನಲ್ಲೇ ದೀಪಾವಳಿ ಟಿಕೆಟ್ ತೆರೆಯುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೂ ಒಂದು ಸುತ್ತು ಹಾಕಿ. ಧಾರವಾಡದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಹಬ್ಬದಲ್ಲಿ ಬೇಗ ತುಂಬುತ್ತದೆ. ತತ್ಕಾಲ್ ನಂಬಿಕೊಂಡಿದ್ದರೆ ಆನ್‌ಲೈನ್ ಖಾತೆಗೆ ಆಧಾರ್ ಜೋಡಿಸಿರಬೇಕು, 2025ರ ಜುಲೈನಿಂದ ಈ ನಿಯಮ. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಜನಕ್ಕೆ ಒಂದೇ ಟಿಕೆಟ್ ಮಾಡಿಸಿದರೆ ಶೇ 5, ಹೋಗುವ ಬರುವ ಟಿಕೆಟ್ ಒಟ್ಟಿಗೆ ಮಾಡಿಸಿದರೆ ಬರುವ ಟಿಕೆಟ್ ಮೇಲೆ ಶೇ 10 ರಿಯಾಯಿತಿ ಕೊಡುತ್ತಾರೆ.

ನೆಂಟರನ್ನು ಕರೆಯುವಾಗ ಹೊತ್ತು ಹೇಳಿ ಕರೆಯಿರಿ. "ಬರ್ರಿ" ಅಂದರೆ ಬೆಳಗ್ಗೆ ಒಂಬತ್ತಕ್ಕೂ ಬರುತ್ತಾರೆ. "ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬರ್ರಿ" ಅಂದರೆ ಇಬ್ಬರಿಗೂ ಅನುಕೂಲ.

6. ಹಿಂದಿನ ದಿನ, ಹಬ್ಬದ ಬೆಳಗ್ಗೆ

ಹಿಂದಿನ ದಿನ ಮನೆಯಲ್ಲಿ ಅಡುಗೆ ಬೇಡ. ಬೆಳಗ್ಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬನ್ನಿ. ರಾತ್ರಿಗೆ ಮಂಡಕ್ಕಿ ಒಗ್ಗರಣೆ: ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಪುಟಾಣಿ ಪುಡಿ ಉದುರಿಸಿದರೆ ಹತ್ತು ನಿಮಿಷದ ಕೆಲಸ. ಮಿರ್ಚಿ ಹೊರಗಿಂದ ಬರಲಿ. ದಾವಣಗೆರೆಯಲ್ಲಿ ಇದ್ದು ಇಷ್ಟು ಅನುಕೂಲ ಬಳಸಿಕೊಳ್ಳದಿದ್ದರೆ ಹೇಗೆ?

ಹೂರಣ ಹಿಂದಿನ ಸಂಜೆಯೇ ಮಾಡಿ ಫ್ರಿಜ್ಜಿನಲ್ಲಿಡಿ. ಒಂದು ಕೆಜಿ ಕಡಲೆಬೇಳೆಗೆ ಒಂದು ಕೆಜಿ ಬೆಲ್ಲ ಹಾಕಿದರೆ ನಮ್ಮ ಕೈ ಅಳತೆಗೆ 40 ಹೋಳಿಗೆ ಆಗುತ್ತವೆ. ಬೇಳೆ ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಕರಗಬಾರದು. ಕಟ್ಟು ಪೂರ್ತಿ ಬಸಿದು ಸಾರಿಗೆ ತೆಗೆದಿಡಿ. ಬೆಲ್ಲ ಹಾಕಿ ಕುದಿಸಿದಾಗ ನಡುವೆ ಸೌಟು ನೆಟ್ಟರೆ ನೆಟ್ಟಗೆ ನಿಲ್ಲಬೇಕು. ಅವತ್ತು ನನ್ನ ಹೂರಣ ತೆಳ್ಳಗಾಗಿದ್ದು ಕಟ್ಟು ಸರಿಯಾಗಿ ಬಸಿಯದೆ ಅವಸರ ಮಾಡಿದ್ದಕ್ಕೆ. ಕಣಕ ಬೆಳಗ್ಗೆ ಎದ್ದ ತಕ್ಷಣ ಕಲಸಿ, ಎಣ್ಣೆ ಹಾಕಿ ಮುಚ್ಚಿಡಿ. ಸ್ನಾನ, ಪೂಜೆ ಸಿದ್ಧತೆ ಮುಗಿಯುವಷ್ಟರಲ್ಲಿ ಎರಡು ಗಂಟೆ ನೆನೆದಿರುತ್ತದೆ. ರುಬ್ಬುವ ಕೆಲಸ ಬೆಳಗ್ಗೆಗೆ ಉಳಿಸಿಕೊಳ್ಳಬೇಡಿ, ಕರೆಂಟ್ ಹೋದರೆ ಮುಗೀತು.

ರಾತ್ರಿ ಹತ್ತೂವರೆಗೆ ಲೈಟ್ ಆರಿಸಿ. ಏನು ಉಳಿದಿದೆಯೋ ಅದು ಉಳಿಯಲಿ.

7. ಮೈ, ಮನಸ್ಸು

ಹಬ್ಬದಲ್ಲಿ ಮೊದಲು ತಪ್ಪುವುದು ಮಾತ್ರೆ. ಬಿಪಿ, ಶುಗರ್ ಇರುವವರು ಪೂಜೆ ಆಗುವವರೆಗೆ ಉಪವಾಸ ಅಂತ ಮಾತ್ರೆಯನ್ನೂ ಬಿಡುತ್ತಾರೆ. ನವರಾತ್ರಿ ಉಪವಾಸ ಮಾಡುವ ಶುಗರ್‌ನವರು ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಕೆಲವು ಮಾತ್ರೆ ಖಾಲಿ ಹೊಟ್ಟೆಯಲ್ಲಿ ಶುಗರ್ ತೀರಾ ಇಳಿಸುತ್ತವೆ. ಅಡುಗೆ ಮಾಡುವವರೂ ಬೆಳಗ್ಗೆ ಏನಾದರೂ ತಿಂದೇ ಒಲೆ ಮುಂದೆ ನಿಲ್ಲಿ. ನೈವೇದ್ಯಕ್ಕೆ ಮೊದಲು ತಿನ್ನಬಾರದು ಅನ್ನುವ ಮನೆಯಾದರೆ ಹಾಲು, ಬಾಳೆಹಣ್ಣು ಆದರೂ ನಡೆಯುತ್ತದಾ ಕೇಳಿ ನೋಡಿ.

ಅವಸರದಲ್ಲಿ ಎಣ್ಣೆ ಸಿಡಿದರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಐಸು ಯಾವುದೂ ಬೇಡ. ಬೊಬ್ಬೆ ದೊಡ್ಡದಾದರೆ ಆಸ್ಪತ್ರೆಗೆ ಹೋಗಿ.

ಸಿಟ್ಟು ನೆತ್ತಿಗೇರಿದಾಗ ನಾನು ಮಾಡುವುದು ಇಷ್ಟು. ಒಲೆ ಆರಿಸಿ ಹಿತ್ತಲಿಗೆ ಹೋಗುತ್ತೇನೆ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಹತ್ತು ಸಲ. ಉಸಿರು ಬಿಡುವುದು ಉದ್ದ ಆದಷ್ಟು ಎದೆಬಡಿತ ಇಳಿಯುತ್ತದೆ.

ಕೆಲವರಿಗೆ ಹಬ್ಬದ ಭಾರವೇ ಬೇರೆ. ಮನೆಯವರನ್ನು ಕಳೆದುಕೊಂಡ ಮೊದಲ ವರ್ಷ, ಸಾಲ, ದೂರದಲ್ಲಿರುವ ಮಕ್ಕಳು. ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಥವರು ನಿಮ್ಮ ಓಣಿಯಲ್ಲಿದ್ದರೆ ತಿಂಡಿ ಡಬ್ಬಿ ಕಳಿಸುವ ಬದಲು ನೀವೇ ತಗೊಂಡು ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.

8. ಎರಡು ದಿನದೊಳಗೆ ಬರೆದಿಡಿ

ಹಬ್ಬ ಮುಗಿದ ಮೇಲೆ ಕಾಲು ಗಂಟೆಯ ಕೆಲಸ ಇದು. ಮುಂದಿನ ವರ್ಷ ಇದರಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ. ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ಏನು ತಂದಿರಿ, ಏನು ಉಳಿಯಿತು, ಏನು ಸಾಲಲಿಲ್ಲ, ಯಾರು ಬಂದರು, ಎಲ್ಲಿ ತಲೆ ಕೆಟ್ಟಿತು? ಎರಡು ದಿನ ದಾಟಿದರೆ ಎಲ್ಲಾ ಮರೆತು, "ಚೆನ್ನಾಗೇ ಆಯ್ತಲ್ಲ" ಅನ್ನಿಸಿಬಿಡುತ್ತದೆ.

ನನ್ನ ಪುಸ್ತಕದಲ್ಲಿ ಕಳೆದ ಪಾಡ್ಯಮಿಯದ್ದು ಹೀಗಿದೆ:

"ಬೇಳೆ ಒಂದೂವರೆ ಕೆಜಿ, ಹೂರಣ ಉಳಿಯಿತು. ಮುಂದಿನ ಸಲ ಒಂದು ಕಾಲು. ಬಾಳೆಎಲೆ 15 ತಂದದ್ದು, ಮೂರು ಹರಿದಿದ್ದವು. ಕರ್ಪೂರ ಎರಡು ಡಬ್ಬಿ ಮನೆಯಲ್ಲೇ ಇದೆ, ತರಬೇಡ. ಚಕ್ಕುಲಿ ಹೇಳಿ ಮಾಡಿಸಿದ್ದು ಚೆನ್ನಾಗಿತ್ತು, ಉಪ್ಪು ಮುಂದು. ನಾದಿನಿ ಮನೆಯವರು ಆರು ಜನ, ಎರಡು ರಾತ್ರಿ. ಚಾದರ ಸಾಲಲಿಲ್ಲ. ಹಿರಿಯರ ಬಟ್ಟೆ ಆಯುಧ ಪೂಜೆಗೆ ಮೊದಲೇ ತಂದು ಬೀರುವಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದು ಸರಿಹೋಯಿತು."

ಅದರ ಕೆಳಗೆ ಅತ್ತೆಯ ಕೈಬರಹ, ಪೆನ್ಸಿಲ್ಲಿನಲ್ಲಿ: "ಸೀರೆ ಬಣ್ಣ ಹಸಿರು ತರಬೇಕಿತ್ತು. ನಿಮ್ಮ ಮಾವನ ತಾಯಿ ಹಸಿರೇ ಉಡ್ತಿದ್ದರು."